ಲ್ಯಾನ್ ಕೇಬಲ್ಲಿನ ತಂತಿಗಳಿಗೆ ಹುರಿ ಹಾಕಿದವರು ಯಾರು?

ಮನೆಯ ಡೆಸ್ಕ್‌ಟಾಪ್‌ಗೆ ಚುಚ್ಚುವ ಲ್ಯಾನ್ ಕೇಬಲ್ಲಿನ ತುದಿ ಸುಲಿದು ನೋಡಿ. ಒಳಗೆ ಎಂಟು ಸಣ್ಣ ತಂತಿಗಳು, ಎರಡೆರಡರಂತೆ ನಾಲ್ಕು ಜೋಡಿ, ಹಗ್ಗದ ಹುರಿಯ ಹಾಗೆ ಹೊಸೆದುಕೊಂಡಿರುತ್ತವೆ. ಜಾಗ ಉಳಿಯಲಿ, ಗಟ್ಟಿಯಾಗಿರಲಿ ಎಂದು ಹೀಗೆ ಮಾಡಿದ್ದಾರೆಂದು ಹಲವರು ತಿಳಿದಿದ್ದಾರೆ. ಕಾರಣ ಅದಲ್ಲ. ಈ ಹುರಿಯ ಹಿಂದಿರುವುದು ಅಲೆಕ್ಸಾಂಡರ್ ಗ್ರಹಾಂ ಬೆಲ್. ಟೆಲಿಫೋನಿಗಾಗಿ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಅದೇ ಹೆಸರು.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ತಂದೆ ಉಚ್ಚಾರಣೆ ಕಲಿಸುವ ಮೇಷ್ಟ್ರು. ಇಬ್ಬರು ಸಹೋದರರು ಕ್ಷಯಕ್ಕೆ ಬಲಿಯಾದ ಮೇಲೆ, ಉಳಿದ ಒಬ್ಬ ಮಗನನ್ನು ಕರೆದುಕೊಂಡು ತಂದೆತಾಯಿ 1870ರಲ್ಲಿ ಕೆನಡಾಕ್ಕೆ ಹೊರಟರು. ಅಲ್ಲಿಂದ ಬಾಸ್ಟನ್ ಸೇರಿದ ಬೆಲ್ ಕಿವುಡ ಮಕ್ಕಳಿಗೆ ಮಾತು ಕಲಿಸಿದರು. ಶಿಷ್ಯೆಯಾಗಿದ್ದ, ಕಿವಿ ಕೇಳದ ಮೇಬಲ್ ಹಬರ್ಡ್ ಅವರನ್ನೇ ಮದುವೆಯಾದರು. ಆದರೆ ಕೈಸನ್ನೆಯ ಭಾಷೆಯನ್ನು ಅವರು ವಿರೋಧಿಸಿದರು. ಅದರಿಂದ ಕಿವುಡರಿಗಾದ ನಷ್ಟ ಸಣ್ಣದಲ್ಲ ಎಂಬುದನ್ನೂ ಹೇಳಲೇಬೇಕು. 1876ರ ಟೆಲಿಫೋನ್ ಪೇಟೆಂಟಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಗೊತ್ತಿಲ್ಲದ್ದು ಅದರ ಮುಂದಿನದು. ಮೊದಲ ಟೆಲಿಫೋನ್ ಲೈನುಗಳಲ್ಲಿ ಒಂದೇ ತಂತಿ. ವಾಪಸು ದಾರಿ ನೆಲ. ಪಕ್ಕದಲ್ಲಿ ಬೇರೆ ತಂತಿ ಹೋಗಿದ್ದರೆ ಅದರ ಗುಂಯ್ಗುಟ್ಟುವಿಕೆ ಮಾತಿನೊಳಗೆ ನುಗ್ಗುತ್ತಿತ್ತು. 1881ರಲ್ಲಿ ಬೆಲ್ ಪಡೆದ ಪೇಟೆಂಟಿನ ಉಪಾಯ ಸರಳ: ಎರಡು ತಂತಿ ಬಳಸಿ, ಒಂದಕ್ಕೊಂದು ಹೊಸೆಯಿರಿ. ಆಗ ಎರಡೂ ಸರದಿಯಂತೆ ಗದ್ದಲದ ಮೂಲಕ್ಕೆ ಹತ್ತಿರ ಬರುತ್ತವೆ, ಎರಡರಲ್ಲೂ ಸಮನಾದ ಗದ್ದಲ ಸೇರುತ್ತದೆ. ತಕ್ಕಡಿಯ ಎರಡೂ ತಟ್ಟೆಗೆ ಒಂದೇ ತೂಕ ಹಾಕಿದಂತೆ, ವ್ಯತ್ಯಾಸವನ್ನಷ್ಟೇ ನೋಡಿದರೆ ಗದ್ದಲ ಅಳಿಸಿಹೋಗುತ್ತದೆ.

ಅದೇ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ವಿದ್ಯುತ್ ಪ್ರೇರಣೆಯನ್ನೇ ನೆಚ್ಚಿಕೊಂಡ ಲೋಹಶೋಧಕ ಹಿಡಿದು ಬೆಲ್ ಗುಂಡು ಹುಡುಕಲು ಹೋದರು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಯಂತ್ರವನ್ನು ಗೊಂದಲಗೊಳಿಸಿದವು. ವೈದ್ಯರು ಹುಡುಕಲು ಬಿಟ್ಟಿದ್ದು ಬಲಗಡೆ, ಗುಂಡು ಇದ್ದದ್ದು ಎಡಗಡೆ. ಆಗಸ್ಟಿನಲ್ಲಿ ಬೆಲ್ ಅವರ ಹಸುಗೂಸು ತೀರಿಕೊಂಡಿತು, ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್.

ತಂತಿಯಿಲ್ಲದ ಮಾತಿಗೂ ಅವರು ಕೈ ಹಾಕಿದ್ದರು. 1880ರಲ್ಲಿ ಸಮ್ನರ್ ಟೇಂಟರ್ ಜೊತೆಗೂಡಿ ಮಾಡಿದ ಫೋಟೊಫೋನ್, ಬಿಸಿಲ ಕಿರಣದ ಮೇಲೆ ಮಾತನ್ನು 213 ಮೀಟರ್ ಕಳಿಸಿತು. ಟೆಲಿಫೋನಿಗಿಂತ ಇದೇ ದೊಡ್ಡದೆಂದು ಅವರ ನಂಬಿಕೆ. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು, ಆ ಮಾತು ಬೇರೆ! ಬೆಳಕನ್ನು ಗಾಜಿನೆಳೆಯಲ್ಲಿ ಬಚ್ಚಿಟ್ಟು ಕಳಿಸುವ ಇಂದಿನ ಫೈಬರ್ ಅದರ ದೂರದ ನೆಂಟ. ವೈಫೈ ಮಾತ್ರ ಬೆಲ್ ಅವರದಲ್ಲ. ಅದು ರೇಡಿಯೋ ಅಲೆ, ಹರ್ಟ್ಸ್ ಮತ್ತು ನಮ್ಮ ಜಗದೀಶಚಂದ್ರ ಬೋಸರ ದಾರಿ. 1922ರ ಆಗಸ್ಟ್ 2ರಂದು ಬೆಲ್ ಕೆನಡಾದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳು ಒಂದು ನಿಮಿಷ ಸುಮ್ಮನಾದವು.

ಈಗ ಕೆಜಿಎಫ್‌ಗೆ ಬನ್ನಿ. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರಲ್ಲೇ ಕರೆಂಟ್ ತಂದ ಊರು ಇದು. ಗಣಿ 2001ರಲ್ಲಿ ಮುಚ್ಚಿತು. ಅಂದಿನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ರೈಲೇ ಸಾವಿರಾರು ಮಂದಿಯ ಅನ್ನದ ದಾರಿ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ, ಆನ್‌ಲೈನ್ ಪರೀಕ್ಷೆ ಬರೆಯುವವರಿಗೆ ಸಂಪರ್ಕ ಕಡಿದರೆ ಆ ದಿನವೇ ಹೋದಂತೆ. ದಪ್ಪ ಗೋಡೆ, ತಗಡಿನ ಶೀಟು ವೈಫೈಗೆ ಶತ್ರುಗಳು. 2.4 ಗಿಗಾಹರ್ಟ್ಸ್ ಗೋಡೆ ದಾಟೀತು, ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ಒಂದೆರಡು ಗೋಡೆಗೇ ಸುಸ್ತು. ವೈಫೈ ಡಾಂಗಲ್ಲನ್ನು ಸಿಪಿಯು ಡಬ್ಬದ ಹಿಂದೆ ಚುಚ್ಚಿದರೆ ಲೋಹದ ಮರೆ ಬೇರೆ. ಅದನ್ನು ಉದ್ದನೆಯ ಯುಎಸ್‌ಬಿ ತಂತಿಯಿಂದ ಮೇಜಿನ ಮೇಲಕ್ಕೆ ತನ್ನಿ.

ಡೆಸ್ಕ್‌ಟಾಪ್ ಒಂದೇ ಕಡೆ ಇರುವ ವಸ್ತು, ಹಾಗಾಗಿ ನನ್ನ ಮತ ತಂತಿಗೇ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುತ್ತದೆ. ಕರೆಂಟ್ ವೈರಿನ ಪೈಪಿನೊಳಗೇ ಅದನ್ನು ತೂರಿಸಬೇಡಿ. ತುದಿಗೆ ಪ್ಲಗ್ ಹಾಕುವಾಗ ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ. ಬಿಚ್ಚಿದಷ್ಟು ಭಾಗದಲ್ಲಿ ಬೆಲ್ ಅವರ ಉಪಾಯ ಕೆಲಸ ಮಾಡುವುದಿಲ್ಲ.