ನಂದಳಿಕೆಯ ಲಕ್ಷ್ಮೀನಾರಣಪ್ಪನವರು

ಗುರುವು ದೈವಸಮಾನನೆಂದು ಕೊಂಡಾಡುವ ನಾಡಿನಲ್ಲಿಯೇ ಶಾಲೆಯ ಉಪಾಧ್ಯಾಯನ ಯೋಗ್ಯತೆಯನ್ನು ಅವನ ಸಂಬಳದಿಂದ ಅಳೆಯುವ ವಾಡಿಕೆಯೂ ಬೆಳೆದು ಬಂದಿರುವುದು. ಈ ಅನಾದರದಿಂದ ನಷ್ಟವಾಗುವುದು ಯಾರಿಗೆಂಬುದನ್ನರಿಯಲು ಮುದ್ದಣನೆಂದು ಪ್ರಸಿದ್ಧರಾದ ಲಕ್ಷ್ಮೀನಾರಣಪ್ಪನವರ ಚರಿತ್ರೆಯೊಂದೇ ಸಾಕು.

ಇವರು 1870ನೆಯ ಇಸವಿ ಜನವರಿ 24ರಂದು ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ ತಿಮ್ಮಪ್ಪಯ್ಯ, ಮಹಾಲಕ್ಷ್ಮಿ ಎಂಬ ದಂಪತಿಗಳಿಗೆ ಜನಿಸಿದರು. ಬಡತನದ ದೆಸೆಯಿಂದ ಇಂಗ್ಲಿಷ್ ವ್ಯಾಸಂಗವು ನಡುವೆಯೇ ನಿಂತುಹೋಯಿತು. ಆ ಮೇಲೆ ಮದರಾಸಿನಲ್ಲಿ ಅಂಗಸಾಧನೆಯ ತರಬೇತನ್ನು ಹೊಂದಿ, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಾಗಿ ಜೀವಿಸಿದರು.

ಉಪಾಧ್ಯಾಯವರ್ಗದಲ್ಲಿಯೂ ಡ್ರಿಲ್ ಮಾಸ್ತರರದು ಕಡೆಯ ಪಂಕ್ತಿ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲಾಡಿಸುವವನಿಗೆ ಕಾವ್ಯದ ಗಂಧವೆಲ್ಲಿಯದೆಂಬುದು ಲೋಕದ ಎಣಿಕೆ. ಆದರೆ ಈ ಮಾಸ್ತರರು ಪಂಡಿತ ಮಳಲಿ ಸುಬ್ಬರಾಯರ ಸಹವಾಸದಲ್ಲಿ ಹಳಗನ್ನಡದ ಮರ್ಮವನ್ನರಿತರು. ರತ್ನಾವತೀ ಕಲ್ಯಾಣ, ಕುಮಾರವಿಜಯಗಳೆಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದರು.

ಆ ಕಾಲದಲ್ಲಿ ಮೈಸೂರಿನಲ್ಲಿ ರಾಮಾನುಜಯ್ಯಂಗಾರ್ಯರೂ ನರಸಿಂಹಾಚಾರ್ಯರೂ ಕಾವ್ಯಮಂಜರಿಯ ಮೂಲಕ ಪ್ರಾಚೀನ ಗ್ರಂಥಗಳನ್ನು ಅಚ್ಚುಮಾಡಿಸುತ್ತಿದ್ದರು. ಲಕ್ಷ್ಮೀನಾರಣಪ್ಪನವರು ತಾವೇ ಬರೆದ ಅದ್ಭುತ ರಾಮಾಯಣವನ್ನು ಹಳೆಯ ಗ್ರಂಥವೆಂಬಂತೆ ಅಲ್ಲಿಗೆ ಕಳುಹಿಸಿದರು. ಅದು 1895ರಲ್ಲಿಯೂ, ಶ್ರೀರಾಮ ಪಟ್ಟಾಭಿಷೇಕವು ಮರುವರ್ಷವೂ ಬೆಳಕಿಗೆ ಬಂದವು. ಬಳಿಕ ಶ್ರೀರಾಮಾಶ್ವಮೇಧವೂ ಮೈಸೂರನ್ನೇ ಸೇರಿತು. ಅವುಗಳ ಪ್ರೌಢಿಮೆಯನ್ನು ಕಂಡ ವಿದ್ವಾಂಸರು ಯಾರೋ ಪೂರ್ವಕವಿಯ ಕೃತಿಗಳೆಂದೇ ಬಗೆದರು.

ತಮ್ಮ ಹೆಸರನ್ನು ಇವರು ಮರೆಮಾಡಿದುದಕ್ಕೆ ಸಂಕೋಚಸ್ವಭಾವವೂ ಕಾರಣವಿದ್ದೀತು, ಹಳೆಯದಕ್ಕೆ ಮಾತ್ರ ಮನ್ನಣೆಯೀಯುವ ಕಾಲಧರ್ಮವೂ ಕಾರಣವಿದ್ದೀತು. ಆದರೆ ಡ್ರಿಲ್ ಮಾಸ್ತರನ ಕಾವ್ಯವೆಂದೊಡನೆ ಓಲೆಯನ್ನು ಬಿಚ್ಚದೆಯೇ ಬದಿಗಿಡುವವರು ಇರುತ್ತಿರಲಿಲ್ಲವೆಂದು ಯಾರು ತಾನೆ ಹೇಳಬಲ್ಲರು? ಶ್ರೀರಾಮಾಶ್ವಮೇಧದಲ್ಲಿ ಮುದ್ದಣನು ಅರಮನೆಯಿಂದ ಮನೆಗೆ ಬಂದು ಮಡದಿ ಮನೋರಮೆಗೆ ಕಥೆ ಹೇಳುವನು. ಗ್ರಂಥದೊಳಗಿನ ಕವಿಗೆ ರಾಜಾಶ್ರಯವುಂಟು. ಗ್ರಂಥವನ್ನು ಬರೆದವರಿಗೆ ಶಾಲೆಯ ಬಯಲೊಂದೇ ಆಶ್ರಯ.

ಕ್ಷಯರೋಗಕ್ಕೆ ತುತ್ತಾಗಿ 1901ರ ಫೆಬ್ರವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ಪತ್ನೀಪುತ್ರರನ್ನಗಲಿ ಇವರು ದಿವಂಗತರಾದರು. ಮುದ್ದಣನೆಂಬ ಪ್ರಾಚೀನ ಕವಿ ಯಾರೂ ಇಲ್ಲ, ಅವನೇ ಉಡುಪಿಯ ಡ್ರಿಲ್ ಮಾಸ್ತರನೆಂಬ ಸತ್ಯವು ಲೋಕಕ್ಕೆ ನಿಶ್ಚಯವಾದುದು ಬಹುವರ್ಷಗಳ ಮೇಲೆ. ಅಂದಿನಿಂದ ಪ್ರಶಂಸೆಗೆ ಕೊರತೆಯಿಲ್ಲ. ಮುದ್ದಣ ಮನೋರಮೆಯರ ಸರಸಸಂವಾದವು ಶಾಲೆಯ ಪಠ್ಯಗಳಲ್ಲಿಯೂ ಸೇರಿತು. ತಲೆಮಾರುಗಳ ಮಕ್ಕಳು ಅದನ್ನೋದಿ ನಲಿದರು. ಆ ನಲಿವಿನ ಸದ್ದು ಕವಿಯ ಕಿವಿಯನ್ನು ಮುಟ್ಟಲಿಲ್ಲ.

ಕನ್ನಡವು ಆ ಹರೆಯದ ಕವಿಯಿಂದ ಪಡೆಯಬಹುದಾಗಿದ್ದ ಇನ್ನೆಷ್ಟೋ ಗ್ರಂಥಗಳು ಅವರೊಡನೆಯೇ ಹೋದವು. ಗತಿಸಿದ ಮೇಲೆ ಹಾಕುವ ಹಾರವು ಗುರುವಿನ ಋಣವನ್ನು ತೀರಿಸದು. ಊರಿನ ಶಾಲೆಯಲ್ಲಿ ಇಂದು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿರುವ ಉಪಾಧ್ಯಾಯನನ್ನು ಅವನ ಪದವಿಯನ್ನೆಣಿಸದೆ ಆದರಿಸುವುದೇ ಲಕ್ಷ್ಮೀನಾರಣಪ್ಪನವರಿಗೆ ಸಲ್ಲಿಸತಕ್ಕ ನಿಜವಾದ ಗೌರವವು.