ಚೈನ್ ಸಾ ಕಂಡುಹಿಡಿದವರು ಯಾರು? ಆಂಡ್ರಿಯಾಸ್ ಸ್ಟಿಲ್ ಬದುಕು ಮತ್ತು ಮೂರು ತಪ್ಪು ನಂಬಿಕೆಗಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಿನ ಹಳ್ಳಿಗಳಲ್ಲಿ ಈಗ ಕೊಡಲಿಯ ಸದ್ದಿಗಿಂತ ಚೈನ್ ಸಾ ಸದ್ದೇ ಹೆಚ್ಚು. ಹೊಲದ ಬದುವಿನ ಜಾಲಿ, ಹಿತ್ತಲಿನ ಬೇವು, ಸಾಲು ಹಚ್ಚಿದ ನೀಲಗಿರಿ ಯಾವುದೇ ಇರಲಿ, ಇಬ್ಬರು ದಿನವಿಡೀ ಗರಗಸ ಎಳೆದು ಮಾಡುತ್ತಿದ್ದ ಕೆಲಸವನ್ನು ಒಬ್ಬ ಆಪರೇಟರ್ ಕೆಲವೇ ತಾಸಿನಲ್ಲಿ ಮುಗಿಸುತ್ತಾನೆ. ಈ ಯಂತ್ರದ ಬಗ್ಗೆ ಮೂರು ಮಾತು ಜನರ ಬಾಯಲ್ಲೂ ಮೊಬೈಲಿನಲ್ಲೂ ಓಡಾಡುತ್ತಿವೆ. ಒಂದು, ಚೈನ್ ಸಾ ಹುಟ್ಟಿದ್ದು ಹೆರಿಗೆ ಮಾಡಿಸಲು. ಎರಡು, ಅದನ್ನು ಕಂಡುಹಿಡಿದವನು ಜರ್ಮನಿಯ ಸ್ಟಿಲ್. ಮೂರು, ಮಷಿನ್ ಹಗುರವಾದಷ್ಟೂ ಅಪಾಯ ಕಡಿಮೆ. ಮೂರರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಆಂಡ್ರಿಯಾಸ್ ಸ್ಟಿಲ್ ಎಂಬ ಎಂಜಿನಿಯರ್‌ನ ಬದುಕನ್ನು ಮುಂದಿಟ್ಟುಕೊಂಡು ಇವನ್ನು ಒಂದೊಂದಾಗಿ ನೋಡೋಣ. ಮೂರನೆಯದರ ಮೇಲೆ ನಮ್ಮೂರಿನ ಎಷ್ಟೋ ದುಡಿಯುವ ಕೈಗಳ ಕ್ಷೇಮ ನಿಂತಿದೆ.

ಹೆರಿಗೆ ಕೋಣೆಯ ಕಥೆ ಎಷ್ಟು ನಿಜ?

ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಏಟ್ಕಿನ್ ಮತ್ತು ಜೇಮ್ಸ್ ಜೆಫ್ರಿ, ಹಲ್ಲುಗಳಿದ್ದ ಸಣ್ಣ ಸರಪಳಿಯೊಂದನ್ನು ಬಳಕೆಗೆ ತಂದರು. ಸಿಸೇರಿಯನ್ ಮಾಡಿದರೆ ತಾಯಿ ಬದುಕುವುದೇ ಅಪರೂಪವಾಗಿದ್ದ ಕಾಲ ಅದು. ಮಗು ಸಿಕ್ಕಿಕೊಂಡಾಗ ಸೊಂಟದ ಮುಂಭಾಗದ ಮೂಳೆಗಳ ಕೂಡುವ ಜಾಗವನ್ನು ಕತ್ತರಿಸಿ ದಾರಿ ಅಗಲ ಮಾಡುವುದಿತ್ತು. ಆ ಸರಪಳಿಯನ್ನು ಇದಕ್ಕೂ, ರೋಗ ಹತ್ತಿದ ಮೂಳೆಯನ್ನು ಕತ್ತರಿಸಲೂ ಬಳಸಿದರು. ಅದರ ಎರಡೂ ತುದಿಗೆ ಹಿಡಿಕೆ ಇತ್ತು, ಕೈಯಿಂದ ಅತ್ತಿತ್ತ ಎಳೆಯಬೇಕಿತ್ತು. ಎಂಜಿನ್ ಇಲ್ಲ, ಸದ್ದೂ ಇಲ್ಲ. ಮೊಬೈಲಿನಲ್ಲಿ ತೋರಿಸುವ ಹಾಗೆ ಗುಡುಗುವ ಯಂತ್ರ ಹೆರಿಗೆ ಕೋಣೆಗೆ ಎಂದೂ ಹೋಗಿರಲಿಲ್ಲ.

1830ರ ಸುಮಾರಿಗೆ ಜರ್ಮನಿಯ ಬರ್ನಾರ್ಡ್ ಹೈನೆ ಮೂಳೆ ಕತ್ತರಿಸುವ ಇನ್ನೊಂದು ಉಪಕರಣ ಮಾಡಿದ. ಅದರಲ್ಲಿ ಉದ್ದನೆಯ ಪಟ್ಟಿಯ ಸುತ್ತ ಹಲ್ಲಿನ ಸರಪಳಿ ತಿರುಗುತ್ತಿತ್ತು, ತಿರುಗಿಸಲು ಕೈಹಿಡಿಕೆ ಇತ್ತು. ಇಂದಿನ ಚೈನ್ ಸಾ ಆಕಾರಕ್ಕೆ ಹತ್ತಿರವಾದದ್ದು ಇದು. ಮರದ ಕಡೆಗಿನ ದಾರಿ ಬೇರೆಯೇ. 1905ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬೆನ್ಸ್, ಕ್ಯಾಲಿಫೋರ್ನಿಯಾದ ದೈತ್ಯ ರೆಡ್‌ವುಡ್ ಮರಗಳನ್ನು ಉರುಳಿಸಲೆಂದು ಕೊನೆಯಿಲ್ಲದೆ ಸುತ್ತುವ ಸರಪಳಿ ಗರಗಸಕ್ಕೆ ಪೇಟೆಂಟ್ ಪಡೆದ. ಸ್ಟಿಲ್‌ಗೆ ಆಗಿನ್ನೂ ಒಂಬತ್ತು ವರ್ಷವೂ ತುಂಬಿರಲಿಲ್ಲ.

ಬಾಯ್ಲರ್ ಮನುಷ್ಯ ಕಾಡಿಗೆ ಬಂದದ್ದು

ಆಂಡ್ರಿಯಾಸ್ ಸ್ಟಿಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಜರ್ಮನ್ ಉಚ್ಚಾರದಲ್ಲಿ ಆ ಹೆಸರು ‘ಶ್ಟೀಲ್’. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳೆದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಆತ 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ತನ್ನದೇ ಕಂಪನಿ ತೆರೆದ. ಆಗ ಅವನ ಮುಖ್ಯ ವ್ಯಾಪಾರ ಗರಗಸದ್ದಲ್ಲ, ಹಬೆ ಬಾಯ್ಲರ್‌ಗಳ ಉರಿಗೂಡಿನ ಭಾಗಗಳದ್ದು. ಅಂದರೆ ಉರಿಯುವ ಒಲೆಯ ಕೆಲಸದಿಂದ ಶುರು ಮಾಡಿದವನು ಆಮೇಲೆ ಮರದ ಕಡೆ ತಿರುಗಿದ.

ಆ ಕಾಲದಲ್ಲಿ ಉರುಳಿದ ದಿಮ್ಮಿಯನ್ನು ಎಳೆದು ಸಾ ಮಿಲ್ಲಿಗೆ ತರಬೇಕಿತ್ತು. ಕಾಡಿನೊಳಗೆ ಕೆಲಸವೆಲ್ಲ ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದ್ದು. ಮರವನ್ನು ಗರಗಸದ ಬಳಿಗೆ ತರುವ ಬದಲು ಗರಗಸವನ್ನೇ ಮರದ ಬಳಿಗೆ ಒಯ್ಯಬೇಕೆಂಬ ವಿಚಾರ ಸ್ಟಿಲ್‌ನದು. 1926ರಲ್ಲೇ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸವೊಂದನ್ನು ಹೊರತಂದ. ಅದನ್ನು ಎತ್ತಲು ಇಬ್ಬರು ಬೇಕು, ಓಡಿಸಲು ಕರೆಂಟ್ ಬೇಕು. ಕಾಡಿನಲ್ಲಿ ಕರೆಂಟ್ ಎಲ್ಲಿಂದ ಬರಬೇಕು?

ಪೆಟ್ರೋಲ್ ಎಂಜಿನ್ ಕೂಡಿಸುವುದೇ ಅದಕ್ಕೆ ಉತ್ತರವಾಗಿತ್ತು. ಅದರಲ್ಲೂ ಸ್ಟಿಲ್ ಮೊದಲಿಗನಲ್ಲ. ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನ್ 1927ರಲ್ಲೇ ಡೋಲ್ಮಾರ್ ಎಂಬ ಗುಡ್ಡದ ಮೇಲೆ ಪೆಟ್ರೋಲ್ ಚೈನ್ ಸಾ ಓಡಿಸಿ ತೋರಿಸಿದ್ದ. ಆ ಗುಡ್ಡದ ಹೆಸರೇ ಮುಂದೆ ಅವನ ಕಂಪನಿಯ ಹೆಸರಾಯಿತು. ಸ್ಟಿಲ್‌ನ ಪೆಟ್ರೋಲ್ ಯಂತ್ರ ಬಂದದ್ದು 1929ರಲ್ಲಿ. ಅದರ ಶಕ್ತಿ 6 ಅಶ್ವಶಕ್ತಿ, ತೂಕ 46 ಕೆ.ಜಿ. ತುಂಬಿದ ಸಿಮೆಂಟ್ ಚೀಲಕ್ಕಿಂತ ನಾಲ್ಕೇ ಕೆ.ಜಿ ಕಡಿಮೆ. ಒಬ್ಬ ಎಂಜಿನ್ ಕಡೆ, ಇನ್ನೊಬ್ಬ ತುದಿಯ ಕಡೆ ಹಿಡಿದು ಕೊಯ್ಯಬೇಕು.

ಹಾಗಾಗಿ ಎರಡನೇ ಮಾತಿಗೂ ಉತ್ತರ ಸಿಕ್ಕಿತು. ಚೈನ್ ಸಾ ಒಬ್ಬ ಮನುಷ್ಯ ಒಂದು ದಿನ ಕಂಡುಹಿಡಿದ ವಸ್ತುವಲ್ಲ. ವೈದ್ಯರು, ಪೇಟೆಂಟ್ ಪಡೆದವರು, ಪೈಪೋಟಿಗಾರರು ಎಲ್ಲರ ಪಾಲೂ ಅದರಲ್ಲಿದೆ. ಸ್ಟಿಲ್ ಬಿಡದೆ ಮಾಡಿದ್ದು ಅದರ ತೂಕ ಇಳಿಸುವ ಕೆಲಸವನ್ನು.

ಯುದ್ಧದ ವರ್ಷಗಳು

ಬದುಕಿನ ಕಥೆ ಹೇಳುವಾಗ ಈ ಭಾಗವನ್ನು ದಾಟಿ ಹೋಗುವಂತಿಲ್ಲ. ಸ್ಟಿಲ್ 1933ರಲ್ಲಿ ನಾಜಿ ಪಕ್ಷ ಸೇರಿದ, ಮುಂದೆ ಎಸ್‌ಎಸ್ ಸಂಘಟನೆಯ ಸದಸ್ಯನೂ ಆದ. 1944ರ ಬಾಂಬ್ ದಾಳಿಯಲ್ಲಿ ಕಾರ್ಖಾನೆ ಹಾಳಾಗಿ, ಕೆಲಸ ವೈಬ್ಲಿಂಗೆನ್ ಪಕ್ಕದ ನಾಯ್‌ಸ್ಟಾಟ್‌ಗೆ ಸರಿಯಿತು. ಯುದ್ಧ ಮುಗಿದ ಮೇಲೆ ಮಿತ್ರಪಡೆಗಳು ಅವನನ್ನು ಬಂಧನದಲ್ಲಿಟ್ಟವು, 1948ರಲ್ಲಿ ಬಿಡುಗಡೆಯಾಯಿತು. ಒಳ್ಳೆಯ ಯಂತ್ರ ಮಾಡಿದವನೆಂಬ ಕಾರಣಕ್ಕೆ ಇದು ಅಳಿಸಿ ಹೋಗುವುದಿಲ್ಲ.

ಹಗುರವಾದ ಮಷಿನ್, ಜಾಗ ಬದಲಿಸಿದ ಅಪಾಯ

1950ರಲ್ಲಿ ಸ್ಟಿಲ್ ಕಂಪನಿ ಒಬ್ಬನೇ ಹಿಡಿದು ಓಡಿಸಬಹುದಾದ ಪೆಟ್ರೋಲ್ ಗರಗಸ ಹೊರತಂದಿತು. ಅದರ ತೂಕ 16 ಕೆ.ಜಿ. 1959ರಲ್ಲಿ ಬಂದ ‘ಕಾಂಟ್ರಾ’ ಎಂಬ ಮಾದರಿ 12 ಕೆ.ಜಿಯಲ್ಲೇ 6 ಅಶ್ವಶಕ್ತಿ ಕೊಟ್ಟಿತು. ಮೂವತ್ತು ವರ್ಷದಲ್ಲಿ ಶಕ್ತಿ ಅಷ್ಟೇ ಉಳಿದು ತೂಕ ಕಾಲು ಭಾಗಕ್ಕೆ ಇಳಿಯಿತು. ಈ ನಡುವೆ ಸರಪಳಿಯೂ ಬದಲಾಯಿತು. 1946ರಲ್ಲಿ ಅಮೆರಿಕದ ಜೋ ಕಾಕ್ಸ್ ಎಂಬ ಮರಗೆಲಸದವನು ಮರದೊಳಗಿನ ದುಂಬಿಯ ಹುಳು ಎಡಬಲ ತಿರುಗುತ್ತ ಕೊರೆಯುವುದನ್ನು ನೋಡಿ, ಅದೇ ರೀತಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಕೆತ್ತುವ ಸರಪಳಿ ಮಾಡಿದ. ಇಂದು ನಮ್ಮೂರಿನ ಮಷಿನ್‌ಗಳಲ್ಲಿ ಓಡುವುದು ಆ ಜಾತಿಯ ಸರಪಳಿಯೇ.

ಮಷಿನ್ ಒಬ್ಬನ ಕೈಗೆ ಬಂದ ಮೇಲೆ ಭುಜದ ಮೇಲಿನ ಭಾರ ಇಳಿಯಿತು. ಆದರೆ ಮುಖಕ್ಕೂ ಬೆರಳಿಗೂ ಹೊಸ ಅಪಾಯ ಬಂತು.

ಮುಖದ ಅಪಾಯ ‘ಕಿಕ್‌ಬ್ಯಾಕ್’. ಸರಪಳಿ ಪಟ್ಟಿಯ ಮೇಲ್ಭಾಗದಲ್ಲಿ ನಮ್ಮಿಂದ ದೂರ ಓಡಿ, ತುದಿ ಸುತ್ತಿ, ಕೆಳಭಾಗದಲ್ಲಿ ನಮ್ಮ ಕಡೆ ಬರುತ್ತದೆ. ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಪಟ್ಟಿಯ ತುದಿಯ ಮೇಲಿನ ಕಾಲು ಭಾಗ ಮರಕ್ಕೋ ಪಕ್ಕದ ಕೊಂಬೆಗೋ ತಗುಲಿದರೆ ಹಲ್ಲು ಅಲ್ಲಿ ಕಚ್ಚಿಕೊಳ್ಳುತ್ತದೆ. ಹಲ್ಲು ಮುಂದೆ ಓಡಲಾಗದೆ ಇಡೀ ಪಟ್ಟಿ ಮೇಲೆದ್ದು ಹಿಂದಕ್ಕೆ, ಓಡಿಸುವವನ ಮುಖ ಕುತ್ತಿಗೆಯ ಕಡೆ ಚಿಮ್ಮುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಇದನ್ನು ತೋಳ ಬಲದಿಂದ ತಡೆಯಲಾಗದು. ಅಷ್ಟೇ ಜೋರಿನ ತಳ್ಳು ಭಾರದ ವಸ್ತುವನ್ನು ಕಡಿಮೆ, ಹಗುರ ವಸ್ತುವನ್ನು ಹೆಚ್ಚು ಅಲುಗಿಸುತ್ತದೆ. ಆದ್ದರಿಂದ ಹಗುರ ಮಷಿನ್ ತಾನಾಗಿಯೇ ಸುರಕ್ಷಿತ ಎಂಬ ಮೂರನೇ ಮಾತು ತಪ್ಪು.

ಬೆರಳಿನ ಅಪಾಯ ನಡುಕ. ದಿನವೂ ತಾಸುಗಟ್ಟಲೆ ನಡುಗುವ ಹಿಡಿಕೆ ಹಿಡಿದರೆ ಬೆರಳಿನ ಸಣ್ಣ ರಕ್ತನಾಳಗಳಿಗೂ ನರಗಳಿಗೂ ಪೆಟ್ಟು ಬೀಳುತ್ತದೆ. ಚಳಿ ದೇಶಗಳಲ್ಲಿ ಕಾಡಿನ ಕೆಲಸದವರ ಬೆರಳು ಬಿಳಿಚಿಕೊಂಡು ಮರಗಟ್ಟತೊಡಗಿದಾಗ ವೈದ್ಯರು ಇದನ್ನು ಗುರುತಿಸಿದರು. 1960ರ ದಶಕದ ಮಧ್ಯದಲ್ಲಿ ಸ್ಟಿಲ್ ಕಂಪನಿ ನಡುಕ ತಗ್ಗಿಸುವ ಹಿಡಿಕೆ ತಂದಿತು. ನಮ್ಮ ಬಿಸಿಲು ಸೀಮೆಯಲ್ಲಿ ಬೆರಳು ಬಿಳಿಚುವುದು ಎದ್ದು ಕಾಣದಿರಬಹುದು, ಅಷ್ಟಕ್ಕೆ ಕಾಯಿಲೆ ಇಲ್ಲವೆಂದಲ್ಲ. ರಾತ್ರಿ ಕೈ ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು ಮೊದಲ ಸೂಚನೆಗಳು. ಆಗಲೇ ವೈದ್ಯರಿಗೆ ತೋರಿಸಬೇಕು. ತಡವಾದರೆ ನರದ ಹಾನಿ ವಾಪಸ್ ಸರಿಹೋಗುವುದು ಕಷ್ಟ.

1971ರ ಹೊತ್ತಿಗೆ ಸ್ಟಿಲ್ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಚೈನ್ ಸಾ ಆಗಿತ್ತು. ಮುಂಗೈ ತಗುಲಿದ ಕೂಡಲೇ ಸರಪಳಿ ನಿಲ್ಲಿಸುವ ಚೈನ್ ಬ್ರೇಕ್ ಮಾರುಕಟ್ಟೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. 1973ರ ಜನವರಿ 14ರಂದು ಆಂಡ್ರಿಯಾಸ್ ಸ್ಟಿಲ್ ತೀರಿಕೊಂಡ, ಕಂಪನಿ ಮಕ್ಕಳ ಕೈಗೆ ಹೋಯಿತು. ಲೆಕ್ಕ ಹಾಕಿ ನೋಡಿ. ಮಷಿನ್ ಬಂದು ಸುಮಾರು ನಲವತ್ತೈದು ವರ್ಷ ಕಳೆದ ಮೇಲೆ ಅದರ ಬ್ರೇಕ್ ಬಂದಿದೆ. ನಮ್ಮಲ್ಲಿ ಎಷ್ಟೋ ಕಡೆ ಆ ಬ್ರೇಕಿನ ಕಾವಲು ಮುರಿದರೆ ಹಾಗೆಯೇ ಕೆಲಸ ಮುಂದುವರಿಯುತ್ತದೆ. ಹಾಗೆ ಓಡಿಸುವುದೆಂದರೆ 1950ರ ಮಷಿನ್ ಓಡಿಸಿದ ಹಾಗೆಯೇ.

ನಮ್ಮ ಕಟ್ಟಿಗೆ, ನಮ್ಮ ಸರಪಳಿ

ಹಾವೇರಿ ಜಿಲ್ಲೆಗೂ ಮರ ಕಡಿತಕ್ಕೂ ದೊಡ್ಡ ನಂಟಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದೊಳಗೂ ನೀಲಗಿರಿ ನೆಡುತೋಪುಗಳಿವೆ. ಅದೇ ನೀಲಗಿರಿ ವಿರುದ್ಧ 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿ, ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದ್ದರು. ಮರದ ಜಾತಿ ಮಷಿನ್ನಿಗೂ ಮುಖ್ಯ. ಹಸಿ ನೀಲಗಿರಿ ಸಲೀಸಾಗಿ ಕೊಯ್ಯುತ್ತದೆ. ಒಣಗಿದ ಜಾಲಿ ಗಟ್ಟಿ, ಹಲ್ಲು ಬೇಗ ಮೊಂಡಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮಣ್ಣು. ದಿಮ್ಮಿಯ ಕೆಳಗೆ ತುಂಡು ಕಟ್ಟಿಗೆ ಕೊಟ್ಟು ನೆಲದಿಂದ ಎತ್ತಿ ಕೊಯ್ದರೆ ಅರ್ಧ ಸಮಸ್ಯೆ ಮುಗಿಯಿತು.

ಸರಪಳಿ ಮೊಂಡಾಗಿದೆಯೇ ಎಂದು ತಿಳಿಯಲು ಉದುರುವುದನ್ನು ನೋಡಿ. ಚೂರು ಚೂರಾಗಿ ಬಿದ್ದರೆ ಹರಿತವಿದೆ, ಹಿಟ್ಟಿನ ಹಾಗೆ ಬಿದ್ದರೆ ಮೊಂಡು. ಮೊಂಡು ಸರಪಳಿಗೆ ಒತ್ತಡ ಹಾಕಬೇಕಾಗುತ್ತದೆ. ಒತ್ತಡ ಹಾಕಿದಷ್ಟೂ ನಡುಕ ಹೆಚ್ಚು, ಕೈತಪ್ಪುವ ಸಂಭವವೂ ಹೆಚ್ಚು. ದುಂಡು ಅರದಿಂದ ಎಲ್ಲ ಹಲ್ಲನ್ನೂ ಒಂದೇ ಕೋನದಲ್ಲಿ, ಸಾಮಾನ್ಯವಾಗಿ 30 ಡಿಗ್ರಿಯಲ್ಲಿ, ಒಳಗಿನಿಂದ ಹೊರಕ್ಕೆ ಉಜ್ಜಬೇಕು. ಅರದ ದಪ್ಪ ಸರಪಳಿಯ ಅಳತೆಗೆ ತಕ್ಕಂತೆ ಇರಬೇಕು. ಹಲ್ಲಿನ ಮುಂದಿನ ಸಣ್ಣ ಗುಬ್ಬಿಯನ್ನು ಅಂದಾಜಿನ ಮೇಲೆ ಉಜ್ಜಿ ತಗ್ಗಿಸಬೇಡಿ. ಅದು ತೀರ ತಗ್ಗಿದರೆ ಹಲ್ಲು ಆಳಕ್ಕೆ ಕಚ್ಚಿ ಕಿಕ್‌ಬ್ಯಾಕ್ ಹೆಚ್ಚುತ್ತದೆ. ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿ ಎಳೆದರೆ ಸರಪಳಿ ಸರಾಗವಾಗಿ ಸರಿಯಬೇಕು, ಆದರೆ ಪಟ್ಟಿಯ ಕೆಳಗೆ ಜೋತು ಬೀಳಬಾರದು.

ಎಣ್ಣೆ ಎರಡು ಬಗೆ. ಪೆಟ್ರೋಲಿಗೆ ಬೆರೆಸುವುದು ಟೂ-ಸ್ಟ್ರೋಕ್ ಆಯಿಲ್. ಮಷಿನ್ ಪುಸ್ತಕದಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಸರಪಳಿಗೆ ಹೋಗುವುದು ಬೇರೆ, ಅದರ ತೊಟ್ಟಿಯೂ ಬೇರೆ. ಗ್ಯಾರೇಜಿನ ಸುಟ್ಟ ಆಯಿಲ್ ಹಾಕಿದರೆ ದುಡ್ಡು ಉಳಿಯುತ್ತದೆ ಎಂಬುದು ಇನ್ನೊಂದು ತಪ್ಪು ಲೆಕ್ಕ. ಅದರ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಹನಿಹನಿಯಾಗಿ ಸಿಡಿದು ಚರ್ಮಕ್ಕೆ ತಗುಲುವ ಆ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ.

ಕೊಯ್ದ ಕಟ್ಟಿಗೆಯನ್ನು ಅಂದೇ ಒಲೆಗೆ ಇಡಬಾರದು. ಹಸಿ ಮರದ ತೂಕದಲ್ಲಿ ಅರ್ಧದ ಆಸುಪಾಸು ನೀರೇ ಇರುತ್ತದೆ. ಉರಿಯ ಶಾಖ ಮೊದಲು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ, ಅಷ್ಟರಲ್ಲಿ ಅಡುಗೆಮನೆ ತುಂಬ ಹೊಗೆ. ಮರದೊಳಗಿನ ನೀರು ಎಳೆಯ ಉದ್ದಕ್ಕೆ ಸಾಗಿ ಕೊಯ್ದ ತುದಿಯಿಂದ ಹೊರಬೀಳುವುದೇ ಹೆಚ್ಚು. ಆದ್ದರಿಂದ ಗಿಡ್ಡ ತುಂಡು ಮಾಡಿ, ಸೀಳಿ, ಗಾಳಿಯಾಡುವಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ. ಬೇಸಿಗೆಗೆ ಮುಂಚೆ ಒಟ್ಟಿದ ಕಟ್ಟಿಗೆ ಮಳೆಗಾಲಕ್ಕೆ ಸಿದ್ಧ.

ಕೊನೆಗೆ ಗಮನಿಸಬೇಕಾದದ್ದು

ಬಹುಪಾಲು ಓದುಗರು ಚೈನ್ ಸಾ ಓಡಿಸುವವರಲ್ಲ, ಓಡಿಸುವವರನ್ನು ಬಾಡಿಗೆಗೆ ಕರೆಯುವವರು. ಹಾಗಾಗಿ ಇದು ನಿಮ್ಮ ಪಾಲಿನ ಕೆಲಸವೂ ಹೌದು. ಬಂದವರ ಮಷಿನ್ನಿಗೆ ಬ್ರೇಕ್ ಇದೆಯೇ, ಕಾಲಿಗೆ ಚಪ್ಪಲಿಯೋ ಬೂಟೋ, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ತಲೆಗೆ ಹೆಲ್ಮೆಟ್ ಇದೆಯೇ ಎಂದು ನೋಡಿ. ಏಣಿಯ ಮೇಲೆ ನಿಂತು, ಭುಜಕ್ಕಿಂತ ಎತ್ತರದಲ್ಲಿ, ಒಂದೇ ಕೈಯಲ್ಲಿ ಕೊಯ್ಯಲು ಹೇಳಬೇಡಿ. ಕತ್ತಲಾಗುವ ಮುನ್ನ ಮುಗಿಸೆಂದು ಅವಸರ ಮಾಡಬೇಡಿ. ಉಳಿದ ನಾಲ್ಕು ಕೊಂಬೆಯನ್ನು ನಾಳೆ ಕೊಯ್ದರೂ ಆಗುತ್ತದೆ. ಅದಕ್ಕಾಗಿ ಇನ್ನೊಂದು ದಿನದ ಬಾಡಿಗೆ ಕೊಡಬೇಕಾಗಿ ಬಂದರೆ ಕೊಡಿ.