ಬೀಳಗಿಯಿಂದ ಮುಂಬೈಗೆ: ಅಮೀರಬಾಯಿ ಕರ್ನಾಟಕಿ

ನಮ್ಮ ಅಂದೋಲಾದಿಂದ ಜೇವರ್ಗಿಗೆ ಬಂದು, ಸಿಂದಗಿ ದಾರಿ ಹಿಡಿದು ವಿಜಯಪುರ ದಾಟಿ, ಕೊಲ್ಹಾರದ ಹತ್ತಿರ ಕೃಷ್ಣಾ ನದಿಯ ಸೇತುವೆ ಹಾದು ಮುಂದೆ ಹೋದರೆ ಬೀಳಗಿ ಸಿಗುತ್ತದೆ. ಈಗ ಅದು ಬಾಗಲಕೋಟೆ ಜಿಲ್ಲೆಯ ತಾಲೂಕು ಕೇಂದ್ರ. ನೂರು ವರ್ಷಗಳ ಹಿಂದೆ ಬಿಜಾಪುರ ಜಿಲ್ಲೆಗೆ ಸೇರಿದ್ದ ಸಣ್ಣ ಊರು. ಆಗ ನಮ್ಮ ಜೇವರ್ಗಿ ನಿಜಾಮರ ಆಳ್ವಿಕೆಯಲ್ಲಿತ್ತು, ಬೀಳಗಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿತ್ತು. ಆ ಊರಿನ ಒಂದು ಸಾಮಾನ್ಯ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದ ಹುಡುಗಿಯೊಬ್ಬಳ ದನಿಯನ್ನು ಮುಂದೆ ಇಡೀ ದೇಶ ಕೇಳಿತು. ಆಕೆಯೇ ಅಮೀರಬಾಯಿ ಕರ್ನಾಟಕಿ.

ಅಮೀರಬಾಯಿಯವರ ತಂದೆ ತಾಯಿ ಇಬ್ಬರೂ ಸಂಗೀತ ಮತ್ತು ನಾಟಕ ಬಲ್ಲವರು. ಆ ಮನೆಯ ಹೆಣ್ಣುಮಕ್ಕಳಲ್ಲಿ ಇಬ್ಬರು ಮುಂದೆ ದೊಡ್ಡ ಹೆಸರು ಮಾಡಿದರು. ಒಬ್ಬರು ಅಮೀರಬಾಯಿ, ಇನ್ನೊಬ್ಬರು ಗೋಹರಬಾಯಿ. ಅವರ ನಿಜವಾದ ಪಾಠಶಾಲೆ ಎಂದರೆ ನಾಟಕ ಕಂಪನಿ. ಇಂದಿಗೂ ನಮ್ಮ ಕಡೆ ಜಾತ್ರೆಯ ಸಮಯಕ್ಕೆ ಕಂಪನಿಯವರು ಬಂದು ಟೆಂಟು ಹಾಕುವುದನ್ನು ನೀವು ನೋಡಿದ್ದೀರಿ. ಆ ಕಾಲದಲ್ಲಿ ಸಿನಿಮಾ ಇಲ್ಲದ ಊರುಗಳಿಗೆ ಅದೇ ದೊಡ್ಡ ಮನರಂಜನೆ. ಒಂದೊಂದು ಊರಿನಲ್ಲಿ ಕೆಲವು ತಿಂಗಳ ಮೊಕ್ಕಾಂ, ಹಗಲು ತಾಲೀಮು, ರಾತ್ರಿ ಆಟ. ಪಾತ್ರಧಾರಿಯೇ ಹಾಡಬೇಕು. ಮೈಕು ಇಲ್ಲದ ಕಾಲವಾದ್ದರಿಂದ ಹಾಡಿದ್ದು ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕೇಳಬೇಕು. ಅಮೀರಬಾಯಿಯವರ ದಪ್ಪ, ಸ್ಪಷ್ಟ ದನಿ ಪಳಗಿದ್ದು ಇಂಥ ವಾತಾವರಣದಲ್ಲಿ.

ಕಂಪನಿ ಅವರಿಗೆ ಇನ್ನೊಂದು ಸಂಪತ್ತನ್ನೂ ಕೊಟ್ಟಿತು. ಅದು ಭಾಷೆ. ಉತ್ತರ ಕರ್ನಾಟಕದ ಊರುಗಳಲ್ಲಿ ಕನ್ನಡ ಕಂಪನಿಗಳ ಜೊತೆಗೆ ಮರಾಠಿ ಮತ್ತು ಪಾರ್ಸಿ ಕಂಪನಿಗಳ ಪ್ರಭಾವವೂ ಇತ್ತು. ಮರಾಠಿ ನಾಟ್ಯಗೀತೆ, ಉರ್ದು ಗಜಲ್, ಕನ್ನಡದ ರಂಗಗೀತೆ ಎಲ್ಲವೂ ಒಂದೇ ಪೇಟಿಯ ಮೇಲೆ ನುಡಿಯುತ್ತಿದ್ದವು. ಒಂದೊಂದು ಭಾಷೆಯ ಉಚ್ಚಾರವನ್ನೂ ಕಿವಿಗೊಟ್ಟು ಕೇಳಿ ಕಲಿತವರು ಮಾತ್ರ ಅಲ್ಲಿ ಉಳಿಯುತ್ತಿದ್ದರು.

ಆದರೆ ಕಂಪನಿಯ ಬದುಕಿಗೆ ಇನ್ನೊಂದು ಮುಖವಿತ್ತು. ರಾತ್ರಿ ಚಪ್ಪಾಳೆ ತಟ್ಟಿದ ಜನರೇ ಹಗಲು ಹೊತ್ತಿನಲ್ಲಿ ನಾಟಕದವರನ್ನು ದೂರ ಇಡುತ್ತಿದ್ದರು. ಹೆಣ್ಣುಮಕ್ಕಳು ರಂಗದ ಮೇಲೆ ಬರುವುದು ಹಲವರಿಗೆ ಸರಿಕಾಣುತ್ತಿರಲಿಲ್ಲ. ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲವದು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀ ಪಾತ್ರಕ್ಕೆ ಹೆಸರಾದ ಬಾಲಗಂಧರ್ವರನ್ನು ನೋಡಲು ಜನ ಮುಗಿಬೀಳುತ್ತಿದ್ದರು. ನಿಜವಾದ ಹೆಣ್ಣು ಹಾಡಲು ನಿಂತರೆ ಆಕೆಯ ನಡತೆಯನ್ನು ಪ್ರಶ್ನಿಸುತ್ತಿದ್ದರು. ಗೋಹರಬಾಯಿ ಇದೇ ಬಾಲಗಂಧರ್ವರ ಗಾಯನ ಶೈಲಿಯನ್ನು ಮೈಗೂಡಿಸಿಕೊಂಡು 1930ರ ದಶಕದ ಕೊನೆಗೆ ಅವರ ಜೊತೆ ರಂಗಕ್ಕೆ ಬಂದರು, ಮುಂದೆ ಅವರನ್ನೇ ಮದುವೆಯಾದರು. ಕಷ್ಟದ ದಿನಗಳಲ್ಲಿ ಅವರ ಜೊತೆ ನಿಂತರೂ ನಿಂದೆಯ ಮಾತು ಅವರಿಗೆ ತಪ್ಪಲಿಲ್ಲ.

ಅಮೀರಬಾಯಿ ಮುಂಬೈಗೆ ಹೋದಾಗ ಮಾತನಾಡುವ ಸಿನಿಮಾ ಆಗಷ್ಟೇ ಶುರುವಾಗಿತ್ತು. 1931ರಲ್ಲಿ ‘ಆಲಂ ಆರಾ’ ಬಂದ ಮೇಲೆ ಹಾಡಲು ಬಲ್ಲ ನಟಿಯರಿಗೆ ಬೇಡಿಕೆ ಬಂದಿತ್ತು. 1934ರ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಅವರು ತೆರೆಯ ಮೇಲೆ ಕಾಣಿಸಿಕೊಂಡರು. ಆದರೆ ಹೆಸರು ಕೂಡಲೇ ಬರಲಿಲ್ಲ. ಸಣ್ಣ ಪಾತ್ರ, ಒಂದೆರಡು ಹಾಡು, ಮತ್ತೆ ಕಾಯುವುದು, ಹೀಗೆ ಎಂಟೊಂಬತ್ತು ವರ್ಷ ಕಳೆದವು.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಬಿಡುಗಡೆಯಾಯಿತು. ಅನಿಲ್ ಬಿಸ್ವಾಸ್ ಅವರ ಸಂಗೀತ, ಕವಿ ಪ್ರದೀಪ್ ಅವರ ಹಾಡುಗಳು. ನಾಯಕಿ ಮುಮ್ತಾಜ್ ಶಾಂತಿಗೆ ದನಿ ಕೊಟ್ಟವರು ಅಮೀರಬಾಯಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ 3 ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರಲ್ಲಿ ಪರಕೀಯರು ಈ ನೆಲದಿಂದ ದೂರ ಸರಿಯಬೇಕೆಂದು ಹೇಳುವ ಹಾಡೊಂದಿತ್ತು. ಕ್ವಿಟ್ ಇಂಡಿಯಾ ಚಳವಳಿ ನಡೆದ ಮರುವರ್ಷ ಅದು. ಬ್ರಿಟಿಷ್ ಸೆನ್ಸಾರ್ ತಡೆಯಬಾರದೆಂದು ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ಹಾಕಿದ್ದರು. ಆದರೆ ಯಾರಿಗೆ ಹೇಳಿದ ಮಾತು ಎಂಬುದು ಜನರಿಗೆ ತಿಳಿದೇ ಇತ್ತು. ಆ ಹಾಡಿನಲ್ಲಿ ಖಾನ್ ಮಸ್ತಾನಾ ಅವರ ಜೊತೆ ಮೊಳಗಿದ್ದು ಬೀಳಗಿಯ ಹೆಣ್ಣುಮಗಳ ದನಿ.

ಮರುವರ್ಷ, 1944ರಲ್ಲಿ, ನೌಷಾದ್ ಸಂಗೀತದ ‘ರತನ್’, ಸುರೇಂದ್ರ ಅವರ ಜೊತೆ ಹಾಡಿದ ‘ಭರ್ತೃಹರಿ’ ಬಂದವು. ಹಿಂದಿಯಲ್ಲದೆ ಗುಜರಾತಿಯಲ್ಲೂ ಅವರು ಹಾಡಿದರು. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಸಂಗೀತ ನಿರ್ದೇಶನ ಬಹುತೇಕ ಗಂಡಸರ ಕೈಯಲ್ಲಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ವಿಜಯಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎದ್ದು ನಿಂತಿತು. ಕಂಪನಿ ನಾಟಕದವರ ಮನೆಯ ಹುಡುಗಿಯ ಹೆಸರು ಚಿತ್ರಮಂದಿರದ ಮೇಲೆ ಬಂತು.

ಇಂಗ್ಲಿಷ್ ಸಾಹಿತ್ಯದಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ಎಂಬ ನಾಟಕವಿದೆ. 1913ರಲ್ಲಿ ಮೊದಲ ಪ್ರಯೋಗ ಕಂಡ ನಾಟಕ. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಎಲೈಜಾ ಎಂಬ ಹುಡುಗಿಗೆ ಒಬ್ಬ ಪ್ರೊಫೆಸರ್ ಕೆಲವೇ ತಿಂಗಳಲ್ಲಿ ದೊಡ್ಡ ಮನೆತನದವರ ಮಾತು, ಉಚ್ಚಾರ ಕಲಿಸುತ್ತಾನೆ. ಜನ ಅವಳನ್ನು ಶ್ರೀಮಂತರ ಮನೆಯವಳೆಂದೇ ನಂಬುತ್ತಾರೆ. ಆದರೆ ಕೊನೆಗೆ ಅವಳಿಗೆ ತಾನು ಎಲ್ಲಿಗೆ ಸೇರಿದವಳು ಎಂಬುದೇ ತಿಳಿಯದಾಗುತ್ತದೆ. ಹಿಂದಕ್ಕೆ ಬೀದಿಗೆ ಹೋಗುವಂತಿಲ್ಲ, ಮೇಲಿನವರು ತಮ್ಮವಳೆಂದು ಒಪ್ಪುವುದಿಲ್ಲ.

ಅಮೀರಬಾಯಿಯವರಿಗೂ ಈ ಪ್ರಶ್ನೆ ಎದುರಾಯಿತು. ಹಣ, ಕೀರ್ತಿ ಬಂದವು. ಹಾಡುವ ಹೆಣ್ಣಿಗೆ ಸಿಗಬೇಕಾದ ಮರ್ಯಾದೆ ಅಷ್ಟೇ ಬೇಗ ಬರಲಿಲ್ಲ. ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ನೆಮ್ಮದಿ ಕೊಡಲಿಲ್ಲ, ಮುರಿದುಬಿತ್ತು. ಆತ ಮುಂದೆ ಪಾಕಿಸ್ತಾನಕ್ಕೆ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ನಂತರ ಪತ್ರಿಕೆಯೊಂದರ ಸಂಪಾದಕರಾದ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ಸಂಸಾರ ಕಟ್ಟಿಕೊಂಡರು. ಅಷ್ಟರಲ್ಲಿ ಸಿನಿಮಾ ಸಂಗೀತದ ರುಚಿ ಬದಲಾಗಿತ್ತು. ದಪ್ಪ ದನಿಯ ಗಾಯಕಿಯರ ಕಾಲ ಸರಿದು, ಲತಾ ಮಂಗೇಶ್ಕರ್ ಅವರ ತೆಳು ದನಿಯ ಕಾಲ ಬಂತು. 1950ರ ‘ಸಮಾಧಿ’ ಚಿತ್ರದಲ್ಲಿ ಲತಾ ಅವರ ಜೊತೆ ಅಮೀರಬಾಯಿ ಹಾಡಿದ ಹಾಡು ಬಹಳ ಜನಪ್ರಿಯವಾಯಿತು. ಒಂದು ಕಾಲ ಇನ್ನೊಂದು ಕಾಲದ ಪಕ್ಕ ನಿಂತು ಹಾಡಿದಂತಿತ್ತು ಅದು. ಹಾಡುಗಳು ಕಡಿಮೆಯಾದಾಗ ಅವರು ಕೊರಗುತ್ತ ಕೂರದೆ ಪೋಷಕ ಪಾತ್ರಗಳಲ್ಲಿ ನಟಿಸಿದರು. ನಾಯಕಿಗೆ ದನಿಯಾದವರು ತಾಯಿಯಾಗಿ, ಮನೆಯ ಹಿರಿಯಳಾಗಿ ತೆರೆಗೆ ಬಂದರು. 1965ರ ಮಾರ್ಚ್‌ನಲ್ಲಿ ತೀರಿಕೊಂಡರು.

ಎಲೈಜಾಳ ಕಥೆಗೂ ಅಮೀರಬಾಯಿಯವರ ಬದುಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಎಲೈಜಾ ಮೇಲಕ್ಕೇರಲು ತನ್ನ ಹಳೆಯ ಮಾತನ್ನು ಮರೆಮಾಚಬೇಕಾಯಿತು. ಅಮೀರಬಾಯಿ ಹೊಸ ಭಾಷೆಗಳನ್ನು ಕಲಿತರು, ಹಳೆಯದನ್ನು ಬಿಡಲಿಲ್ಲ. ಮುಂಬೈಯಲ್ಲಿ ಹೆಸರು ಬದಲಿಸಿಕೊಂಡವರು ಎಷ್ಟೋ ಮಂದಿ. ಇವರು ತಮ್ಮ ಹೆಸರಿನ ಮುಂದೆ ‘ಕರ್ನಾಟಕಿ’ ಎಂದು ನಾಡಿನ ಹೆಸರನ್ನೇ ಇಟ್ಟುಕೊಂಡರು. ಆಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಕನ್ನಡ ನಾಡು ಹಲವು ಸರಕಾರಗಳ ನಡುವೆ ಹಂಚಿಹೋಗಿತ್ತು. ಹಿಂದಿ ಚಿತ್ರಗಳ ಗ್ರಾಮಫೋನ್ ತಟ್ಟೆಗಳ ಮೇಲೆ ಆ ಹೆಸರು ದೇಶವೆಲ್ಲ ತಿರುಗಿತು.

ನಮ್ಮ ಕಾಲೇಜಿನಲ್ಲಿಯೂ ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ಮೂರು ಭಾಷೆ ದಾಟುವ ವಿದ್ಯಾರ್ಥಿಗಳು ಬಹಳ. ಅವರಲ್ಲಿ ಎಷ್ಟೋ ಜನ ಮನೆಯಲ್ಲಿ ಮೊದಲ ಸಲ ಪಿಯುಸಿ ಮೆಟ್ಟಿಲು ಹತ್ತಿದವರು. ನಾಳೆ ಕಲಬುರಗಿ, ಹೈದರಾಬಾದ್, ಬೆಂಗಳೂರಿಗೆ ಹೋದಾಗ ಯಾವ ಊರು ಎಂದು ಯಾರಾದರೂ ಕೇಳುತ್ತಾರೆ. ಆಗ ದನಿ ತಗ್ಗಿಸಿ ಜಿಲ್ಲಾ ಕೇಂದ್ರದ ಹೆಸರು ಹೇಳಬೇಡಿ. ಅಂದೋಲಾ ಎಂದೇ ಹೇಳಿ. ಪ್ರೊ. ರಹಮತ್ ತರೀಕೆರೆ ಅವರು ಅಮೀರಬಾಯಿಯವರ ಜೀವನದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಓದಿ. ಅದಕ್ಕೂ ಮೊದಲು ಒಂದು ಸಂಜೆ ಮನೆಯ ಹಿರಿಯರ ಪಕ್ಕ ಕುಳಿತು ‘ಕಿಸ್ಮತ್’ ಚಿತ್ರದ ಹಾಡು ಹಾಕಿ. ಅವರಲ್ಲಿ ಯಾರಿಗಾದರೂ ಆ ಹಾಡು ಮೊದಲೇ ಬಾಯಿಪಾಠ ಇರಬಹುದು.